ಅಮೆರಿಕದ ವಸಾಹತು ಕಾಲದ ರೈತ ಮನೆತನದ ವಂಶಾವಳಿಯನ್ನು ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಕೆಲವು ಮನೆಗಳಲ್ಲಿ ಈಗ ಮೊಮ್ಮಕ್ಕಳ ಒಂದು ಕಡೆಯ ಹಿರಿಯರು ಹಾಸನದವರೋ ಧಾರವಾಡದವರೋ ಆಗಿದ್ದರೆ, ಇನ್ನೊಂದು ಕಡೆಯ ಹಿರಿಯರು ಮುನ್ನೂರು ವರ್ಷಗಳ ಹಿಂದೆ ಮ್ಯಾಸಚೂಸೆಟ್ಸ್, ಪೆನ್ಸಿಲ್ವೇನಿಯಾ ಅಥವಾ ವರ್ಜೀನಿಯಾದಲ್ಲಿ ಉಳುಮೆ ಮಾಡಿದವರಾಗಿರುತ್ತಾರೆ. ಆ ಎರಡನೆಯ ಕಡೆಯನ್ನು ಹುಡುಕಲು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಹುಡುಕಾಟವನ್ನು ಎಲ್ಲಿಂದ ಆರಂಭಿಸಬೇಕು?

ಬದುಕಿರುವವರಿಂದ, ಅಥವಾ ಖಚಿತವಾಗಿ ಗೊತ್ತಿರುವ ಕೊನೆಯ ವ್ಯಕ್ತಿಯಿಂದ ಆರಂಭಿಸಿ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಬೇಕು. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಬಂದ 102 ಪ್ರಯಾಣಿಕರಲ್ಲಿ ನಮ್ಮ ಅಡ್ಡಹೆಸರಿನವರು ಯಾರಾದರೂ ಇದ್ದಾರೆಯೇ ಎಂದು ನೋಡಿ, ಅಲ್ಲಿಂದ ಕೆಳಕ್ಕೆ ಇಳಿಯುತ್ತ ಬರುವುದು ಅತ್ಯಂತ ಸಾಮಾನ್ಯವಾದ ತಪ್ಪು. ಹಾಗೆ ಮಾಡಿದವರು ಬೇರೆಯವರ ಮನೆತನವನ್ನು ಶ್ರದ್ಧೆಯಿಂದ ಸಂಶೋಧಿಸಿ ಮುಗಿಸುತ್ತಾರೆ.

ಹಿಂದಕ್ಕೆ ಹೋಗುವಾಗ ಒಂದು ಗಡಿಯನ್ನು ನೆನಪಿಡಬೇಕು. ಅಮೆರಿಕದ ಜನಗಣತಿಯಲ್ಲಿ ಸ್ವತಂತ್ರ ಜನರೆಲ್ಲರ ಹೆಸರನ್ನೂ ಬರೆದದ್ದು 1850ರಿಂದ ಈಚೆಗೆ. 1790ರ ಮೊದಲ ಜನಗಣತಿಯಿಂದ 1840ರವರೆಗೆ ಮನೆಯ ಯಜಮಾನನ ಹೆಸರೊಂದನ್ನೇ ಬರೆದು, ಉಳಿದವರನ್ನು ಬರಿಯ ಸಂಖ್ಯೆಯಾಗಿ ನಮೂದಿಸುತ್ತಿದ್ದರು. ವರ್ಜೀನಿಯಾ, ನ್ಯೂಜೆರ್ಸಿ, ಡೆಲವೇರ್ ಮುಂತಾದ ಕಡೆಗಳ 1790ರ ಪಟ್ಟಿಗಳು ಉಳಿದೂ ಇಲ್ಲ. ಹೀಗಾಗಿ 1850ರಿಂದ 1780ರವರೆಗಿನ ಎರಡು ಮೂರು ತಲೆಮಾರುಗಳನ್ನು ದಾಟುವುದೇ ಅನೇಕರಿಗೆ ವಸಾಹತು ಕಾಲಕ್ಕಿಂತ ಕಷ್ಟವಾಗುತ್ತದೆ. ಈ ಹಂತದಲ್ಲಿ ಆತುರಪಡಬಾರದು.

ಜನನ ಮರಣಗಳ ನೋಂದಣಿ ಆಗ ಇತ್ತೇ?

ಎಲ್ಲ ಕಡೆಯೂ ಇರಲಿಲ್ಲ. ಮ್ಯಾಸಚೂಸೆಟ್ಸ್ ಬೇ ವಸಾಹತು 1639ರಲ್ಲಿಯೇ ಜನನ, ವಿವಾಹ, ಮರಣಗಳನ್ನು ದಾಖಲಿಸಬೇಕೆಂದು ಆಜ್ಞೆ ಮಾಡಿತು. ಊರಿನ ಗುಮಾಸ್ತ ಅದನ್ನು ಬರೆದಿಡುತ್ತಿದ್ದ. ಮ್ಯಾಸಚೂಸೆಟ್ಸಿನ ಅನೇಕ ಊರುಗಳ 1850ರವರೆಗಿನ ದಾಖಲೆಗಳು ಅಚ್ಚಾಗಿವೆ. ಕನೆಕ್ಟಿಕಟ್ಟಿನ ಊರುಗಳಿಗೆ ಬಾರ್ಬರ್ ಸಂಗ್ರಹ ಎಂಬ ದೊಡ್ಡ ಸೂಚಿಯಿದೆ. ಆದರೆ ಹೊಸದಾಗಿ ಕಾಡು ಕಡಿದು ನೆಲೆಸಿದ ಊರುಗಳಲ್ಲಿ ತಂದೆಯಾದವನು ಗುಮಾಸ್ತನ ಮನೆಗೆ ಹೋಗಿ ತಿಳಿಸಿದರೆ ಮಾತ್ರ ಮಗುವಿನ ಹೆಸರು ಪುಸ್ತಕಕ್ಕೆ ಏರುತ್ತಿತ್ತು. ಎಂಟು ಮಕ್ಕಳ ಹೆಸರು ಒಂದೇ ಶಾಯಿಯಲ್ಲಿ, ಒಂದೇ ಕೈಬರಹದಲ್ಲಿ, ಒಂದೇ ದಿನ ಬರೆದಂತೆ ಕಂಡರೆ ಅದು ಬಹಳ ವರ್ಷಗಳ ಅನಂತರ ನೆನಪಿನಿಂದ ಬರೆಸಿದ್ದು ಎಂದು ತಿಳಿಯಬೇಕು.

ಹಾಗಾದರೆ ರೈತ ಕುಟುಂಬದ ಮುಖ್ಯ ಆಧಾರ ಯಾವುದು?

ಜಮೀನು. ಈ ಪುಟದಲ್ಲಿ ನಾನು ಒತ್ತಿ ಹೇಳಬೇಕೆಂದಿರುವ ಮಾತು ಇದೊಂದೇ. ಸಾಮಾನ್ಯ ರೈತನ ಹುಟ್ಟನ್ನು ಯಾರೂ ಬರೆಯದೆ ಇರಬಹುದು, ಅವನ ಸಮಾಧಿಗೆ ಕಲ್ಲು ಇಲ್ಲದೆ ಇರಬಹುದು. ಆದರೆ ಅವನು ನೆಲ ಕೊಂಡದ್ದು, ಮಾರಿದ್ದು, ಒತ್ತೆಯಿಟ್ಟದ್ದು, ಮಕ್ಕಳಿಗೆ ಹಂಚಿದ್ದು ಬಹುಪಾಲು ಕಾಗದಕ್ಕೆ ಇಳಿದಿದೆ. ಹೆಸರನ್ನು ಬೆನ್ನುಹತ್ತಿ ಹೋದರೆ ಒಂದೇ ಹೆಸರಿನ ಐವರು ಜಾನ್‌ಗಳ ನಡುವೆ ದಾರಿ ತಪ್ಪುತ್ತದೆ, ಜಮೀನನ್ನು ಬೆನ್ನುಹತ್ತಿ ಹೋದರೆ ಸರಿಯಾದ ಜಾನ್ ಸಿಗುವ ಸಂಭವ ಹೆಚ್ಚು.

ನಮ್ಮ ಕ್ರಯಪತ್ರಗಳಲ್ಲಿ ಚಕ್ಕುಬಂದಿ ಬರೆಯುವಂತೆ ಅಲ್ಲಿಯೂ ಎಲ್ಲೆಗಳನ್ನು ಬರೆಯುತ್ತಿದ್ದರು. ಗುರುತು ಕೊರೆದ ಒಂದು ಓಕ್ ಮರದಿಂದ ಹೊರಟು, ಇಂತಿಷ್ಟು ಡಿಗ್ರಿ ಈಶಾನ್ಯಕ್ಕೆ ಇಂತಿಷ್ಟು ಪೋಲ್ ನಡೆದು, ಇಂಥವನ ಜಮೀನಿನ ಮೂಲೆಯಲ್ಲಿರುವ ಕಲ್ಲುರಾಶಿಯನ್ನು ಮುಟ್ಟಿ, ಹಳ್ಳದ ಗುಂಟ ತಿರುಗಿ ಮತ್ತೆ ಅದೇ ಮರಕ್ಕೆ ಬರುವ ವರ್ಣನೆ ಅದು. ಈ ಎಲ್ಲೆಯ ವಿವರವೇ ವಂಶ ಶೋಧಕನಿಗೆ ಬಂಗಾರ. ತಂದೆ 1690ರಲ್ಲಿ ಕೊಂಡ ಜಮೀನಿನ ಓಕ್ ಮರ, ಹಳ್ಳ, ನೆರೆಯವನ ಹೆಸರು ಇವು ಮೂರೂ 1728ರ ಒಂದು ಮಾರಾಟದಲ್ಲಿ ಮತ್ತೆ ಕಂಡರೆ, ಮಾರಿದವನು ಆ ಜಮೀನನ್ನು ಹೇಗೆ ಪಡೆದ ಎಂಬ ಪ್ರಶ್ನೆ ಏಳುತ್ತದೆ. ನಡುವೆ ಕ್ರಯಪತ್ರವಿಲ್ಲದಿದ್ದರೆ ಅವನು ವಾರಸುದಾರನಾಗಿರುವ ಸಂಭವ ಹೆಚ್ಚು.

ಅಳತೆಗಳನ್ನು ಅರ್ಥಮಾಡಿಕೊಳ್ಳುವುದು ಕನ್ನಡಿಗರಿಗೆ ಕಷ್ಟವಲ್ಲ. ಒಂದು ಪೋಲ್ ಎಂದರೆ 16.5 ಅಡಿ, ಅದನ್ನೇ ರಾಡ್ ಎಂದೂ ಪರ್ಚ್ ಎಂದೂ ಬರೆಯುತ್ತಾರೆ. ನಾಲ್ಕು ಪೋಲ್ ಸೇರಿದರೆ ಜಮೀನು ಅಳೆಯುವ 66 ಅಡಿಯ ಗಂಟರ್ ಸರಪಳಿ. ಹತ್ತು ಚದರ ಸರಪಳಿಗೆ ಒಂದು ಎಕರೆ. ನಮ್ಮ ಒಂದು ಗುಂಟೆಯ ಪಕ್ಕ 33 ಅಡಿ, ಅಂದರೆ ಆ ಸರಪಳಿಯ ಸರಿಯಾಗಿ ಅರ್ಧ. ನಾಲ್ವತ್ತು ಗುಂಟೆಯ ನಮ್ಮ ಎಕರೆಯೂ ಅವರ ಎಕರೆಯೂ ಒಂದೇ ಆಗಿರುವುದರಿಂದ ಆ ಹೊಲಗಳ ವಿಸ್ತಾರವನ್ನು ನಾವು ಕಣ್ಣಳತೆಯಲ್ಲೇ ಊಹಿಸಿಕೊಳ್ಳಬಹುದು.

ಜಮೀನಿನ ಪತ್ರಗಳು ಯಾವ ಕಚೇರಿಯಲ್ಲಿರುತ್ತವೆ?

ಇದು ವಸಾಹತಿನಿಂದ ವಸಾಹತಿಗೆ ಬೇರೆ. ಮ್ಯಾಸಚೂಸೆಟ್ಸಿನಲ್ಲಿ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗದ) ನೋಂದಣಿ ಕಚೇರಿ, ಕನೆಕ್ಟಿಕಟ್ ಮತ್ತು ರೋಡ್ ಐಲೆಂಡಿನಲ್ಲಿ ಊರಿನ ಗುಮಾಸ್ತನ ಕಚೇರಿ, ಪೆನ್ಸಿಲ್ವೇನಿಯಾ ಮತ್ತು ವರ್ಜೀನಿಯಾಗಳಲ್ಲಿ ಕೌಂಟಿ. ಅದಕ್ಕಿಂತ ಮುಖ್ಯವಾದದ್ದು ಎಲ್ಲೆಗಳ ಬದಲಾವಣೆ. ಮ್ಯಾಸಚೂಸೆಟ್ಸಿನ ಡೆಡಂ ಊರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. 1636ರಲ್ಲಿ ಸ್ಥಾಪನೆಯಾದ ಈ ಊರಿನ ವಿಶಾಲವಾದ ಭೂಪ್ರದೇಶದಿಂದ 1651ರಲ್ಲಿ ಮೆಡ್‌ಫೀಲ್ಡ್, 1673ರಲ್ಲಿ ರೆಂಥಮ್, 1711ರಲ್ಲಿ ನೀಡಮ್, 1724ರಲ್ಲಿ ವಾಲ್ಪೋಲ್ ಬೇರ್ಪಟ್ಟವು. 1793ರಲ್ಲಿ ನಾರ್‌ಫೋಕ್ ಕೌಂಟಿ ಹುಟ್ಟಿ ಡೆಡಂ ಅದರ ಕೇಂದ್ರವಾಯಿತು. ಅದಕ್ಕೆ ಮೊದಲು ಅದು ಬಾಸ್ಟನ್ ಕೇಂದ್ರವಾಗಿದ್ದ ಸಫೋಕ್ ಕೌಂಟಿಯಲ್ಲಿತ್ತು. ಹೀಗೆ ಒಂದೇ ಮನೆಯಲ್ಲಿ ಕದಲದೆ ಕುಳಿತಿದ್ದ ಕುಟುಂಬವೂ ಎರಡು ಊರು, ಎರಡು ಕೌಂಟಿಗಳ ದಾಖಲೆಯಲ್ಲಿ ಕಾಣಿಸಿಕೊಳ್ಳಬಹುದು. ಪತ್ರವೊಂದು ಬರೆದ ದಿನಕ್ಕೂ ನೋಂದಣಿಯಾದ ದಿನಕ್ಕೂ ನಡುವೆ ಹಲವು ದಶಕಗಳು ಕಳೆದಿರುವುದೂ ಉಂಟು. ಆದ್ದರಿಂದ ವ್ಯಕ್ತಿ ತೀರಿಕೊಂಡ ವರ್ಷಕ್ಕೇ ಸೂಚಿಯನ್ನು ಮುಚ್ಚಿಬಿಡಬಾರದು.

ಅದೇ ಡೆಡಂನಲ್ಲಿ ಜೊನಾಥನ್ ಫೇರ್‌ಬ್ಯಾಂಕ್ಸ್ ಎಂಬ ರೈತನ ಮನೆ ಇಂದಿಗೂ ನಿಂತಿದೆ. ಇಂಗ್ಲೆಂಡಿನ ಯಾರ್ಕ್‌ಷೈರಿನಿಂದ ಬಂದ ಆತ ಕಟ್ಟಿದ ಆ ಮನೆಯ ತೊಲೆಗಳ ಬೆಳವಣಿಗೆಯ ಉಂಗುರಗಳನ್ನು ಪರೀಕ್ಷಿಸಿ, ಕಟ್ಟಿದ ಕಾಲ 1637ರಿಂದ 1641ರ ನಡುವೆ ಎಂದು ನಿರ್ಧರಿಸಲಾಗಿದೆ. ಉತ್ತರ ಅಮೆರಿಕದಲ್ಲಿ ಉಳಿದಿರುವ ಮರದ ಚೌಕಟ್ಟಿನ ಮನೆಗಳಲ್ಲಿ ಅದು ಅತ್ಯಂತ ಹಳೆಯದು. ಎಂಟು ತಲೆಮಾರು ಒಂದೇ ಮನೆಯಲ್ಲಿ ಇಪ್ಪತ್ತನೆಯ ಶತಮಾನದ ಆರಂಭದವರೆಗೆ ವಾಸಿಸಿದ ಇಂಥ ಕುಟುಂಬಗಳು ಅಪರೂಪ. ಹೆಚ್ಚಿನ ರೈತ ಕುಟುಂಬಗಳು ಎರಡು ಮೂರು ತಲೆಮಾರಿಗೊಮ್ಮೆ ಹೊಸ ನೆಲ ಹುಡುಕಿ ಹೊರಡುತ್ತಿದ್ದವು.

ಉಯಿಲು ಮತ್ತು ಆಸ್ತಿ ಇತ್ಯರ್ಥದ ಕಾಗದಗಳಿಂದ ಏನು ತಿಳಿಯುತ್ತದೆ?

ರೈತನೊಬ್ಬ ಸತ್ತ ಮೇಲೆ ಉಯಿಲು ಇದ್ದರೂ ಇಲ್ಲದಿದ್ದರೂ ಸತ್ತವರ ಆಸ್ತಿಯನ್ನು ಇತ್ಯರ್ಥ ಮಾಡುವ ಪ್ರೊಬೇಟ್ ನ್ಯಾಯಾಲಯದಲ್ಲಿ ಕಾಗದಗಳ ಒಂದು ಕಟ್ಟು ಬೆಳೆಯುತ್ತಿತ್ತು. ಅದರಲ್ಲಿ ಉಯಿಲನ್ನು ಮಾತ್ರ ಓದಿ ಬಿಡುವವರೇ ಹೆಚ್ಚು. ಸಾಮಾನ್ಯವಾಗಿ ನೆರೆಯ ಇಬ್ಬರು ಮೂವರು ರೈತರು ಮನೆಯೊಳಗೆ ಕೋಣೆಯಿಂದ ಕೋಣೆಗೆ ನಡೆದು ಎತ್ತು, ಹಸು, ಕುಡುಗೋಲು, ನೂಲುವ ರಾಟೆ, ಹಾಸಿಗೆ, ಬೈಬಲ್, ಕಣಜದಲ್ಲಿದ್ದ ಮೆಕ್ಕೆಜೋಳ, ಪೀಪಾಯಿಯಲ್ಲಿದ್ದ ಸೇಬಿನ ಸೈಡರ್ ಎಲ್ಲಕ್ಕೂ ಪೌಂಡು, ಶಿಲಿಂಗು, ಪೆನ್ನಿಗಳಲ್ಲಿ ಬೆಲೆ ಕಟ್ಟಿ ಪಟ್ಟಿ ಮಾಡುತ್ತಿದ್ದರು. ಹನ್ನೆರಡು ಪೆನ್ನಿಗೆ ಒಂದು ಶಿಲಿಂಗು, ಇಪ್ಪತ್ತು ಶಿಲಿಂಗಿಗೆ ಒಂದು ಪೌಂಡು. ಆ ಪಟ್ಟಿಯನ್ನು ಓದುವಾಗ ಮುನ್ನೂರು ವರ್ಷಗಳ ಹಿಂದಿನ ಅಡುಗೆಮನೆಯಲ್ಲಿ ನಿಂತಂತಾಗುತ್ತದೆ.

ಉಯಿಲಿನಲ್ಲಿ ವಿಧವೆಗೆ ಬಿಟ್ಟದ್ದನ್ನು ಗಮನವಿಟ್ಟು ಓದಬೇಕು. ಮನೆಯ ಪೂರ್ವದ ಕೋಣೆ, ನೆಲಮಾಳಿಗೆಯಲ್ಲಿ ಜಾಗ, ಬಾವಿಯಿಂದ ನೀರು ಸೇದುವ ಹಕ್ಕು, ಒಂದು ಹಸುವಿಗೆ ಮೇವು, ಮಗನು ವರ್ಷಕ್ಕೆ ಇಷ್ಟು ಸೌದೆಯನ್ನು ಕಡಿದು ಬಾಗಿಲಿಗೆ ತಂದು ಹಾಕಬೇಕೆಂಬ ಷರತ್ತು, ಹೀಗೆ ಪಾಲುಪಟ್ಟಿಯಷ್ಟು ವಿವರವಾಗಿ ಬರೆದ ಉಯಿಲುಗಳಿವೆ. ಯಾವ ಮಗನಿಗೆ ಈ ಹೊಣೆ ಬಿತ್ತೋ ಅವನಿಗೇ ಮನೆಯಿರುವ ಜಮೀನು ಬಂದಿರುತ್ತದೆ.

ಉಯಿಲಿಲ್ಲದೆ ಸತ್ತರೆ ಲೆಕ್ಕವೇ ಸಾಕ್ಷಿ ಹೇಳುತ್ತದೆ. ಮ್ಯಾಸಚೂಸೆಟ್ಸಿನಲ್ಲಿ ವಿಧವೆಗೆ ಜೀವಮಾನದವರೆಗೆ ಜಮೀನಿನ ಮೂರನೆಯ ಒಂದು ಭಾಗದ ಅನುಭೋಗ; ಮಕ್ಕಳಲ್ಲಿ ಹಿರಿಯ ಮಗನಿಗೆ ಎರಡು ಪಾಲು, ಉಳಿದವರಿಗೆ, ಹೆಣ್ಣುಮಕ್ಕಳನ್ನೂ ಸೇರಿಸಿ, ಒಂದೊಂದು ಪಾಲು. ಆರು ಮಕ್ಕಳಿದ್ದರೆ ಆಸ್ತಿ ಏಳು ಪಾಲಾಗುತ್ತದೆ. ಆದ್ದರಿಂದ ಯಾರೋ ಒಬ್ಬ ಅಳಿಯನೂ ಅವನ ಹೆಂಡತಿಯೂ ಸೇರಿ ಒಂದು ಜಮೀನಿನ ಏಳನೆಯ ಒಂದು ಭಾಗವನ್ನು ಮಾರಿದ ಪತ್ರ ಸಿಕ್ಕಿದರೆ, ಆ ಹೆಂಡತಿಗೆ ಐವರು ಒಡಹುಟ್ಟಿದವರು ಇದ್ದಿರಬಹುದು ಎಂದು ಊಹಿಸಿ ಉಳಿದ ಪಾಲುಗಳನ್ನು ಹುಡುಕಬಹುದು. ವರ್ಜೀನಿಯಾದಲ್ಲಿ ಕ್ರಮವೇ ಬೇರೆ: ಅಲ್ಲಿ ಉಯಿಲಿಲ್ಲದಿದ್ದರೆ 1785ರ ಕಾಯಿದೆ ಬರುವವರೆಗೆ ಜಮೀನೆಲ್ಲ ಹಿರಿಯ ಮಗನಿಗೆ ಹೋಗುತ್ತಿತ್ತು.

ಉಯಿಲಿನಲ್ಲಿ ನಮ್ಮ ಪೂರ್ವಜನ ಹೆಸರೇ ಇಲ್ಲ. ಹಾಗಾದರೆ ಅವನು ಆ ತಂದೆಯ ಮಗನಲ್ಲವೇ?

ಹಾಗೆ ತೀರ್ಮಾನಿಸಬಾರದು. ಮದುವೆಯಾಗಿ ಬೇರೆಯಾದ ಮಗನಿಗೆ ತಂದೆ ಬದುಕಿರುವಾಗಲೇ ಪ್ರೀತಿವಾತ್ಸಲ್ಯಗಳ ಕಾರಣದಿಂದ ಎಂದು ಬರೆದು ದಾನಪತ್ರದ ಮೂಲಕ ಜಮೀನು ಕೊಡುವುದು ಸಾಮಾನ್ಯವಾಗಿತ್ತು. ಪಾಲು ಪಡೆದವನ ಹೆಸರನ್ನು ಉಯಿಲಿನಲ್ಲಿ ಬಿಟ್ಟಿರಬಹುದು, ಇಲ್ಲವೇ ಅವನಿಗೆ ಕೆಲವೇ ಶಿಲಿಂಗು ಬರೆದಿರಬಹುದು. ಕೆಲವೇ ಶಿಲಿಂಗು ಕೊಟ್ಟದ್ದನ್ನು ತಂದೆಯ ಕೋಪ ಎಂದು ಓದಿ ಕಥೆ ಕಟ್ಟುವುದು ಆ ಕುಟುಂಬಕ್ಕೆ ಮಾಡುವ ಅನ್ಯಾಯ.

ಒಂದು ಉಯಿಲು 1710ರ ಡಿಸೆಂಬರಿನಲ್ಲಿ ಬರೆದದ್ದು, ಆದರೆ 1710ರ ಫೆಬ್ರವರಿಯಲ್ಲಿ ನ್ಯಾಯಾಲಯಕ್ಕೆ ಬಂದಿದೆ. ಇದು ತಪ್ಪೇ?

ತಪ್ಪಲ್ಲ. ಇಂಗ್ಲೆಂಡ್ ಮತ್ತು ಅದರ ವಸಾಹತುಗಳಲ್ಲಿ ಆಗ ಹೊಸ ವರ್ಷ ಮಾರ್ಚ್ 25ರಂದು ಆರಂಭವಾಗುತ್ತಿತ್ತು. ಹೀಗಾಗಿ 1710ರ ಫೆಬ್ರವರಿ 1710ರ ಡಿಸೆಂಬರಿನ ಅನಂತರ ಬರುತ್ತದೆ. ಇಂದಿನ ಲೆಕ್ಕದಲ್ಲಿ ಅದು 1711. ಎಚ್ಚರಿಕೆಯುಳ್ಳ ಗುಮಾಸ್ತರು ಇದನ್ನು 1710/11 ಎಂದು ಬರೆಯುತ್ತಿದ್ದರು. ನಕಲು ಮಾಡುವಾಗ ಎರಡು ವರ್ಷಗಳನ್ನೂ ಉಳಿಸಿಕೊಳ್ಳಬೇಕು, ತಿದ್ದಬಾರದು. 1752ರಲ್ಲಿ ಜನವರಿ 1 ವರ್ಷಾರಂಭವಾಯಿತು. ಅದೇ ವರ್ಷ ಸೆಪ್ಟೆಂಬರ್ 2ರ ಮರುದಿನವನ್ನು ಸೆಪ್ಟೆಂಬರ್ 14 ಎಂದು ಎಣಿಸಿದರು. ಜಾರ್ಜ್ ವಾಷಿಂಗ್ಟನ್ ಹುಟ್ಟಿದ್ದು ಹಳೆಯ ಲೆಕ್ಕದಲ್ಲಿ 1731/32ರ ಫೆಬ್ರವರಿ 11; ಹೊಸ ಲೆಕ್ಕದಲ್ಲಿ 1732ರ ಫೆಬ್ರವರಿ 22.

ಕ್ವೇಕರ್ ಎಂಬ ಕ್ರೈಸ್ತ ಪಂಥದವರು ತಿಂಗಳ ಹೆಸರಿಗೆ ಬದಲಾಗಿ ಸಂಖ್ಯೆ ಬರೆಯುತ್ತಿದ್ದರು. 1752ಕ್ಕೆ ಮೊದಲು ಅವರ ಮೊದಲನೆಯ ತಿಂಗಳು ಮಾರ್ಚ್, ಹತ್ತನೆಯ ತಿಂಗಳು ಡಿಸೆಂಬರ್.

ಸಂಬಂಧಸೂಚಕ ಪದಗಳನ್ನು ಇಂದಿನ ಅರ್ಥದಲ್ಲಿ ಓದಬಹುದೇ?

ಓದಬಾರದು. ಸನ್-ಇನ್-ಲಾ ಎಂದರೆ ಅಳಿಯನೂ ಆಗಬಹುದು, ಮಲಮಗನೂ ಆಗಬಹುದು. ಮದರ್-ಇನ್-ಲಾ ಎಂದರೆ ಅತ್ತೆ ಅಥವಾ ಮಲತಾಯಿ. ಕಸಿನ್ ಎಂಬುದು ಅಣ್ಣತಮ್ಮಂದಿರ, ಅಕ್ಕತಂಗಿಯರ ಮಕ್ಕಳಿಗೂ ಸಲ್ಲುತ್ತಿತ್ತು. ಬ್ರದರ್ ಎಂದರೆ ಭಾವಮೈದುನನೋ, ಒಂದೇ ಚರ್ಚಿನ ಸದಸ್ಯನೋ ಆಗಿರಬಹುದು. ನೌ ವೈಫ್ (ಈಗಿನ ಹೆಂಡತಿ) ಎಂದು ಉಯಿಲಿನಲ್ಲಿ ಬರೆದ ಮಾತ್ರಕ್ಕೆ ಹಿಂದೆ ಇನ್ನೊಬ್ಬ ಹೆಂಡತಿಯಿದ್ದಳು ಎಂದರ್ಥವಲ್ಲ.

ಸೀನಿಯರ್, ಜೂನಿಯರ್ ಎಂಬ ಗುರುತುಗಳು ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುತ್ತವೆ. ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಹಿರಿಯನು ಸೀನಿಯರ್, ಕಿರಿಯನು ಜೂನಿಯರ್. ಅವರು ಚಿಕ್ಕಪ್ಪನೂ ಅಣ್ಣನ ಮಗನೂ ಆಗಿರಬಹುದು, ಯಾವ ಸಂಬಂಧವೂ ಇಲ್ಲದವರೂ ಆಗಿರಬಹುದು. ಹಿರಿಯನು ಸತ್ತ ಮೇಲೆ ಜೂನಿಯರನೇ ಸೀನಿಯರ್ ಆಗುತ್ತಾನೆ.

ಹೆಂಗಸರ ತವರುಮನೆಯನ್ನು ಕಂಡುಹಿಡಿಯುವುದು ಹೇಗೆ?

ಮದುವೆಯ ದಾಖಲೆ ಇಲ್ಲದಿದ್ದರೆ ಇದು ಅತ್ಯಂತ ಕಷ್ಟದ ಕೆಲಸ, ಹಾಗೆಯೇ ಅತ್ಯಂತ ಅಗತ್ಯದ ಕೆಲಸ. ಹೆಣ್ಣುಮಕ್ಕಳನ್ನು ಹೆಸರಿಲ್ಲದೆ ಬಿಟ್ಟ ವಂಶವೃಕ್ಷದಲ್ಲಿ ಪೂರ್ವಜರ ಅರ್ಧ ಭಾಗವೇ ಇಲ್ಲದಂತಾಗುತ್ತದೆ. ಇಲ್ಲಿಯೂ ಜಮೀನೇ ನೆರವಿಗೆ ಬರುತ್ತದೆ. ಗಂಡ ಜಮೀನು ಮಾರುವಾಗ ಹೆಂಡತಿ ತನ್ನ ವಿಧವಾ ಪಾಲಿನ ಹಕ್ಕನ್ನು ಬಿಟ್ಟುಕೊಟ್ಟು ಸಹಿಯನ್ನೋ ಗುರುತನ್ನೋ ಹಾಕುತ್ತಿದ್ದಳು. ವರ್ಜೀನಿಯಾದಂಥ ಕಡೆಗಳಲ್ಲಿ ಗಂಡನಿಲ್ಲದ ಕಡೆ ಅವಳನ್ನು ಪ್ರತ್ಯೇಕವಾಗಿ ಕರೆದು ಒಪ್ಪಿಗೆ ಕೇಳಿ ಬರೆದುಕೊಳ್ಳುತ್ತಿದ್ದರು. ಒಬ್ಬನ ಪತ್ರಗಳನ್ನು ವರ್ಷಾನುಕ್ರಮದಲ್ಲಿ ಜೋಡಿಸಿದರೆ ಹೆಂಡತಿಯ ಹೆಸರು ಮೇರಿಯಿಂದ ಹ್ಯಾನಾಗೆ ಬದಲಾದ ಹೊತ್ತು ಸಿಗುತ್ತದೆ. ಅನಂತರ ನೆರೆಹೊರೆಯ ರೈತರ ಉಯಿಲುಗಳಲ್ಲಿ ಆ ಗಂಡನ ಅಡ್ಡಹೆಸರಿನಿಂದ ಕರೆದ ಮಗಳಿದ್ದಾಳೆಯೇ ಎಂದು ನೋಡಬೇಕು. ಕುದುರೆ ಸವಾರಿಯ ದೂರದಲ್ಲಿದ್ದವರ ನಡುವೆಯೇ ಬಹುಪಾಲು ಮದುವೆಗಳು ನಡೆಯುತ್ತಿದ್ದವು. ನ್ಯೂಯಾರ್ಕಿನ ಡಚ್ ಕುಟುಂಬಗಳಲ್ಲಿ ಮಾತ್ರ ಈ ತೊಂದರೆ ಕಡಿಮೆ: ಅಲ್ಲಿನ ಚರ್ಚಿನ ದಾಖಲೆಗಳು ತಾಯಿಯನ್ನು ಅವಳ ತವರಿನ ಹೆಸರಿನಿಂದಲೇ ಕರೆಯುತ್ತವೆ, ಮಗುವಿನ ದೀಕ್ಷಾಸ್ನಾನಕ್ಕೆ ನಿಂತ ಬಂಧುಗಳ ಹೆಸರನ್ನೂ ಕೊಡುತ್ತವೆ.

ಪೆನ್ಸಿಲ್ವೇನಿಯಾ ಮತ್ತು ದಕ್ಷಿಣದ ವಸಾಹತುಗಳಲ್ಲಿ ಹುಡುಕಾಟ ಹೇಗೆ ಬೇರೆಯಾಗುತ್ತದೆ?

ಪೆನ್ಸಿಲ್ವೇನಿಯಾದ ಕ್ವೇಕರ್ ರೈತರು ಒಂದು ಊರಿನಿಂದ ಇನ್ನೊಂದಕ್ಕೆ ಹೋಗುವಾಗ ಮಾಸಿಕ ಸಭೆ ಎಂದು ಕರೆಯುವ ತಮ್ಮ ಸ್ಥಳೀಯ ಧಾರ್ಮಿಕ ಸಭೆಯಿಂದ ವರ್ಗಾವಣೆಯ ಪತ್ರ ಒಯ್ಯುತ್ತಿದ್ದರು. ಅದನ್ನು ಹಿಡಿದು ನೂರಾರು ಮೈಲಿಗಳ ವಲಸೆಯನ್ನು ಹೆಜ್ಜೆ ಹೆಜ್ಜೆಯಾಗಿ ಗುರುತಿಸಬಹುದು. ಜರ್ಮನ್ ರೈತರಿಗೆ 1727ರಿಂದ ಫಿಲಡೆಲ್ಫಿಯಾದಲ್ಲಿ ಮಾಡಿಸಿದ ರಾಜನಿಷ್ಠೆಯ ಪ್ರಮಾಣವಚನದ ಪಟ್ಟಿಗಳಿವೆ.

ವರ್ಜೀನಿಯಾದಲ್ಲಿ ಒಬ್ಬರನ್ನು ಕರೆತಂದ ಖರ್ಚಿಗೆ ತಲೆಗೆ 50 ಎಕರೆ ಕೊಡುವ ಪದ್ಧತಿಯಿತ್ತು. ಹಾಗೆ ಕರೆತಂದವರ ಪಟ್ಟಿಯಲ್ಲಿ ಹೆಸರಿದ್ದರೆ ಅದೇ ವರ್ಷ ಬಂದರೆಂದು ತಿಳಿಯಬಾರದು, ಹಕ್ಕನ್ನು ವರ್ಷಗಳ ಅನಂತರ ಕೇಳಬಹುದಿತ್ತು, ಮಾರಲೂಬಹುದಿತ್ತು. ಅಲ್ಲಿನ ಹಲವು ಕೌಂಟಿಗಳ ದಾಖಲೆಗಳು ಬೆಂಕಿಯಲ್ಲಿ ನಾಶವಾಗಿವೆ. ಅಂತರ್ಯುದ್ಧದ ಕಾಲದಲ್ಲಿ ಸುರಕ್ಷಿತವೆಂದು ರಿಚ್ಮಂಡಿಗೆ ಸಾಗಿಸಿದ ಪುಸ್ತಕಗಳೇ 1865ರ ಏಪ್ರಿಲಿನ ಬೆಂಕಿಯಲ್ಲಿ ಸುಟ್ಟುಹೋದದ್ದನ್ನು ಓದಿದಾಗ ಇಂದಿಗೂ ನೋವಾಗುತ್ತದೆ. ಅಂಥ ಕಡೆ ವಸಾಹತಿನ ಮಟ್ಟದಲ್ಲಿ ಉಳಿದ ಭೂ ಮಂಜೂರಾತಿಗಳು, 1782ರಿಂದ ಸಿಗುವ ತೆರಿಗೆ ಪಟ್ಟಿಗಳು, ನೆರೆಯ ಕೌಂಟಿಯ ಪುಸ್ತಕಗಳು ಆಸರೆಯಾಗುತ್ತವೆ.

ನಮ್ಮವರು ಯಾವ ಹಡಗಿನಲ್ಲಿ ಬಂದರು? ಎಲ್ಲಿಸ್ ಐಲೆಂಡಿನಲ್ಲಿ ಹೆಸರು ಬದಲಾಯಿತೇ?

ನ್ಯೂಯಾರ್ಕ್ ಬಂದರಿನ ಎಲ್ಲಿಸ್ ಐಲೆಂಡಿನಲ್ಲಿ ವಲಸಿಗರನ್ನು ತಪಾಸಣೆ ಮಾಡುವ ಕೇಂದ್ರ ತೆರೆದದ್ದು 1892ರಲ್ಲಿ. ವಸಾಹತು ಕಾಲದ ಕುಟುಂಬಕ್ಕೂ ಅದಕ್ಕೂ ಸಂಬಂಧವಿಲ್ಲ. ಅಮೆರಿಕದ ಸರ್ಕಾರ ಪ್ರಯಾಣಿಕರ ಪಟ್ಟಿಯನ್ನು ಕ್ರಮವಾಗಿ ಪಡೆಯತೊಡಗಿದ್ದು 1820ರಿಂದ. 1620ರಿಂದ 1640ರ ನಡುವೆ ನ್ಯೂ ಇಂಗ್ಲೆಂಡಿಗೆ (ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ಮುಂತಾದ ಈಶಾನ್ಯದ ವಸಾಹತುಗಳಿಗೆ) ಬಂದ ಸುಮಾರು 20,000 ಜನರಲ್ಲಿ ಹೆಚ್ಚಿನವರ ಹಡಗು ಯಾವ ಪಟ್ಟಿಯಲ್ಲೂ ಇಲ್ಲ. ಇನ್ನು ಅಡ್ಡಹೆಸರಿನ ಕಾಗುಣಿತ ಬರೆದವನ ಕಿವಿಗೆ ಬಿಟ್ಟದ್ದಾಗಿತ್ತು. ಒಂದೇ ಪತ್ರದಲ್ಲಿ ಮೂರು ರೀತಿಯಲ್ಲಿ ಬರೆದರೂ ಅದು ಒಬ್ಬನೇ ವ್ಯಕ್ತಿ.

ಆಸ್ತಿಯ ಪಟ್ಟಿಯಲ್ಲಿ ಮನುಷ್ಯರ ಹೆಸರಿನ ಮುಂದೆ ಬೆಲೆ ಬರೆದಿದೆ. ಇದನ್ನು ಏನು ಮಾಡಬೇಕು?

ಅದನ್ನು ಹೆಸರು ಸಹಿತ, ಇದ್ದದ್ದು ಇದ್ದಂತೆ ಬರೆದಿಡಬೇಕು. ಗುಲಾಮಗಿರಿ ದಕ್ಷಿಣದ ದೊಡ್ಡ ತೋಟಗಳಿಗೆ ಮಾತ್ರ ಸೀಮಿತವಾಗಿರಲಿಲ್ಲ. ಕನೆಕ್ಟಿಕಟ್ಟಿನ ನ್ಯೂ ಲಂಡನ್ನಿನಲ್ಲಿ 1711ರಿಂದ 1758ರವರೆಗೆ ದಿನಚರಿ ಬರೆದ ರೈತ ಜೋಶುವಾ ಹೆಂಪ್‌ಸ್ಟೆಡ್ ಬಿತ್ತನೆ, ಹುಲ್ಲು ಕೊಯ್ಲು, ಮರಗೆಲಸ, ಜಮೀನು ಅಳತೆ ಎಲ್ಲವನ್ನೂ ದಾಖಲಿಸಿದ. ಆ ಹೊಲದಲ್ಲಿ ದಶಕಗಳ ಕಾಲ ದುಡಿದ ಆಡಮ್ ಜಾಕ್ಸನ್ ಅವನ ಗುಲಾಮನಾಗಿದ್ದ. ಆ ರಾಜ್ಯದಲ್ಲಿ ಗುಲಾಮಗಿರಿಯನ್ನು ಕ್ರಮೇಣ ಕೊನೆಗೊಳಿಸುವ ಕಾಯಿದೆ ಬಂದದ್ದು 1784ರಲ್ಲಿ, ಅದು ಪೂರ್ತಿ ರದ್ದಾದದ್ದು 1848ರಲ್ಲಿ. ಗುಲಾಮರ ವಂಶಸ್ಥರಿಗೆ ತಮ್ಮ ಹಿರಿಯರ ಹೆಸರು ಸಿಗಬಹುದಾದ ಏಕೈಕ ಕಾಗದ ನಮ್ಮ ಕೈಯಲ್ಲಿರುವ ಆ ಪಟ್ಟಿಯೇ ಆಗಿರಬಹುದು. ಮನೆತನದ ಗೌರವಕ್ಕೆಂದು ಆ ಸಾಲುಗಳನ್ನು ಬಿಟ್ಟುಬಿಡುವುದನ್ನು ನಾನು ಒಪ್ಪುವುದಿಲ್ಲ.

ಸ್ವಾತಂತ್ರ್ಯ ಯುದ್ಧದ ಪಿಂಚಣಿ ಕಡತಗಳು ಉಪಯುಕ್ತವೇ?

ಬಹಳ ಉಪಯುಕ್ತ. 1832ರ ಕಾಯಿದೆಯಡಿ ಅರ್ಜಿ ಹಾಕಿದ ಮುದಿ ರೈತರು ತಾವು ಹುಟ್ಟಿದ ಊರು, ವರ್ಷ, ಅನಂತರ ನೆಲೆಸಿದ ಊರುಗಳನ್ನೆಲ್ಲ ನ್ಯಾಯಾಲಯದಲ್ಲಿ ಹೇಳಿ ಬರೆಸಿದ್ದಾರೆ. ವಿಧವೆಯರು ಮದುವೆಯನ್ನು ಸಾಬೀತುಪಡಿಸಲು ಮನೆಯ ಬೈಬಲ್ಲಿನಲ್ಲಿ ಮಕ್ಕಳ ಹೆಸರು ಬರೆದಿದ್ದ ಹಾಳೆಯನ್ನೇ ಹರಿದು ಕಳಿಸಿದ್ದುಂಟು. ಅಂಥ ಹಾಳೆಗಳು ಇಂದಿಗೂ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿವೆ.

ಅಚ್ಚಾದ ವಂಶಚರಿತ್ರೆ ಅಥವಾ ಅಂತರ್ಜಾಲದ ವಂಶವೃಕ್ಷವನ್ನು ನಂಬಬಹುದೇ?

ಸುಳಿವಾಗಿ ಬಳಸಬಹುದು, ಪುರಾವೆಯಾಗಿ ಅಲ್ಲ. ಗುಸ್ತಾವ್ ಆಂಜು ಎಂಬಾತ ಶ್ರೀಮಂತ ಕುಟುಂಬಗಳಿಗೆ ಸುಳ್ಳು ವಂಶಾವಳಿಗಳನ್ನು ತಯಾರಿಸಿ ಮಾರಿದ. ಅವನ ಕಟ್ಟುಕಥೆಗಳು ಇಂದಿಗೂ ನಕಲಾಗುತ್ತಿವೆ. ಮೂವರು ಸಹೋದರರು ಒಟ್ಟಿಗೆ ಬಂದರು, ಒಬ್ಬ ಉತ್ತರಕ್ಕೆ, ಒಬ್ಬ ದಕ್ಷಿಣಕ್ಕೆ, ಒಬ್ಬ ಪಶ್ಚಿಮಕ್ಕೆ ಹೋದ ಎಂಬ ಕಥೆ ನೂರಾರು ಕುಟುಂಬಗಳಲ್ಲಿದೆ. ಇದಕ್ಕೆ ವಿರುದ್ಧವಾಗಿ, 1845ರಲ್ಲಿ ಬಾಸ್ಟನ್ನಿನಲ್ಲಿ ಸ್ಥಾಪನೆಯಾದ ನ್ಯೂ ಇಂಗ್ಲೆಂಡ್ ಹಿಸ್ಟಾರಿಕ್ ಜೀನಿಯಲಾಜಿಕಲ್ ಸೊಸೈಟಿ ನಡೆಸಿಕೊಂಡು ಬಂದಿರುವ ಗ್ರೇಟ್ ಮೈಗ್ರೇಶನ್ (ನ್ಯೂ ಇಂಗ್ಲೆಂಡಿನ ಆ ಮೊದಲ ವಲಸಿಗರ) ಅಧ್ಯಯನದಂಥ ಕೆಲಸಗಳು ಪ್ರತಿಯೊಂದು ಮಾತಿಗೂ ಆಧಾರ ಕೊಡುತ್ತವೆ.

ಡಿಎನ್ಎ ಪರೀಕ್ಷೆ ಮಾಡಿಸಿದರೆ ಈ ಶ್ರಮವೆಲ್ಲ ತಪ್ಪುತ್ತದೆಯೇ?

ತಪ್ಪುವುದಿಲ್ಲ. ಹತ್ತು ತಲೆಮಾರು ಹಿಂದೆ ವಂಶವೃಕ್ಷದಲ್ಲಿ 1,024 ಸ್ಥಾನಗಳಿರುತ್ತವೆ, ಅವುಗಳಲ್ಲಿ ಒಬ್ಬರಿಂದ ಬಂದ ಡಿಎನ್ಎ ಪಾಲು ಸರಾಸರಿ ಶೇಕಡಾ 0.1 ಮಾತ್ರ, ಏನೂ ಬರದಿರುವುದೂ ಸಾಧ್ಯ. ತಂದೆಯಿಂದ ಮಗನಿಗೆ ಇಳಿಯುವ ವೈ ಕ್ರೋಮೋಸೋಮಿನ ಪರೀಕ್ಷೆ, ಒಂದೇ ಅಡ್ಡಹೆಸರಿನ ಎರಡು ಮನೆತನಗಳು ಒಂದೇ ಮೂಲದವೇ ಎಂದು ತಿಳಿಯಲು ನೆರವಾಗುತ್ತದೆ. ಸಣ್ಣ ಊರುಗಳಲ್ಲಿ ಕೆಲವೇ ಮನೆತನಗಳು ತಲೆಮಾರುಗಳ ಕಾಲ ಪರಸ್ಪರ ಮದುವೆಯಾದದ್ದರಿಂದ ಉಳಿದ ಡಿಎನ್ಎ ಹೋಲಿಕೆಗಳು ಇರುವುದಕ್ಕಿಂತ ಹತ್ತಿರದ ಸಂಬಂಧವೆಂದು ತೋರಬಹುದು.

ಕರ್ನಾಟಕದಲ್ಲಿ ಕುಳಿತು ಇದನ್ನೆಲ್ಲ ಮಾಡಲು ಸಾಧ್ಯವೇ?

ಬಹುಮಟ್ಟಿಗೆ ಸಾಧ್ಯ. ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಉಚಿತ ಖಾತೆ ತೆರೆದರೆ ಕೌಂಟಿಗಳ ಕ್ರಯಪತ್ರ ಹಾಗೂ ಪ್ರೊಬೇಟ್ ಪುಸ್ತಕಗಳ ಅಸಂಖ್ಯ ಚಿತ್ರಗಳನ್ನು ನೋಡಬಹುದು. ಹಳೆಯ ಮುದ್ರಿತ ಊರದಾಖಲೆಗಳು ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಹೆಸರು ಟೈಪು ಮಾಡಿ ಸಿಗಲಿಲ್ಲವೆಂದು ಕೈಬಿಡಬಾರದು. ಪುಸ್ತಕದ ಕೈಬರಹದ ಸೂಚಿಯನ್ನು ತೆರೆದು, ಮಾರಿದವರ ಪಟ್ಟಿಯನ್ನೂ ಕೊಂಡವರ ಪಟ್ಟಿಯನ್ನೂ ಹಾಳೆ ಹಾಳೆಯಾಗಿ ನೋಡಬೇಕು. ಹಳೆಯ ಬರಹದಲ್ಲಿ ವೈ ಮತ್ತು ಇ ಅಕ್ಷರಗಳ ಜೋಡಿಯನ್ನು ದಿ ಎಂದು ಓದಬೇಕು, ಎಸ್ ಅಕ್ಷರ ಎಫ್‌ನಂತೆ ಕಾಣುತ್ತದೆ, ಜೆಎನ್ಒ ಎಂದರೆ ಜಾನ್. ಕೆಲವು ವಾರಗಳಲ್ಲಿ ಕಣ್ಣು ಪಳಗುತ್ತದೆ. ನೋಡಿದ ಪುಸ್ತಕದ ಸಂಪುಟ, ಪುಟಸಂಖ್ಯೆ, ನೋಡಿದ ದಿನ ಇವನ್ನು ಅಲ್ಲಿಯೇ ಬರೆದುಕೊಳ್ಳಬೇಕು. ಏನೂ ಸಿಗದ ಪುಸ್ತಕವನ್ನೂ ಆ ಪಟ್ಟಿಗೆ ಸೇರಿಸಬೇಕು, ಇಲ್ಲವಾದರೆ ಎರಡು ವರ್ಷಗಳ ಅನಂತರ ಅದೇ ಪುಸ್ತಕವನ್ನು ಮತ್ತೊಮ್ಮೆ ಮೊದಲ ಪುಟದಿಂದ ತಿರುವಬೇಕಾಗುತ್ತದೆ.